ಬಿಡಿಭಾಗಗಳಾಗಿ ಬಂದ ಕಾರು

ಎಂಜಿನ್ನಿಲ್ಲದ, ಅರೆಬರೆ ಜೋಡಿಸಿದ ಹಳೆಯ ಸ್ಪೋರ್ಟ್ಸ್ ಕಾರನ್ನು ಕೊಂಡು ತಂದವರನ್ನು ಕಂಡು ನೆರೆಹೊರೆಯವರು ನಗುವುದುಂಟು. ಆದರೆ ಇಂಗ್ಲೆಂಡಿನ ಒಂದು ಪ್ರಸಿದ್ಧ ಕಾರು ಕಾರ್ಖಾನೆಯಿಂದ ಹೊರಟದ್ದೇ ಹೆಚ್ಚಾಗಿ ಹೀಗೆ. ಕಾಲಿನ್ ಚಾಪ್‌ಮನ್ ಅವರ ಲೋಟಸ್ ಸಂಸ್ಥೆ 1957ರಲ್ಲಿ ಹೊರತಂದ 'ಸೆವೆನ್' ಅದು.

ಇದಕ್ಕೆ ಕಾರಣ ತೆರಿಗೆ. ಆಗ ಬ್ರಿಟನ್ನಿನಲ್ಲಿ ಹೊಸ ಕಾರಿಗೆ ಭಾರಿ ಖರೀದಿ ತೆರಿಗೆಯಿತ್ತು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಅದರ ಹೊರೆ ತಪ್ಪುತ್ತಿತ್ತು. ಜೋಡಿಸುವ ಸೂಚನೆಗಳನ್ನು ಕೊಡುವಂತಿರಲಿಲ್ಲವಾದ್ದರಿಂದ ಬಿಚ್ಚುವ ಸೂಚನೆಗಳನ್ನು ಕೊಟ್ಟು, ಕೊನೆಯಿಂದ ಮೊದಲಿಗೆ ಓದಿಕೊಳ್ಳಲು ಬಿಡುತ್ತಿದ್ದರಂತೆ! ಹೀಗೆ ಸಾಧಾರಣ ಸಂಬಳದ ತರುಣನೂ ರೇಸಿಗಿಳಿಯಬಲ್ಲ ಕಾರಿನ ಒಡೆಯನಾದ. 1973ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದು ಈ ಅನುಕೂಲ ಹೋಯಿತು. ಅದೇ ವರ್ಷ ತಯಾರಿಕೆಯ ಹಕ್ಕು ಕೇಟರ್‌ಹ್ಯಾಮ್ ಸಂಸ್ಥೆಯ ಪಾಲಾಯಿತು.

ಅಂಥ ಹಳೆಯ ಸೆವೆನ್ ಇಂದು ಅಪೂರ್ಣವಾಗಿ ಸಿಕ್ಕರೆ, ಎಂಜಿನ್ ಇಲ್ಲವೆಂದು ಕಂಗೆಡಬೇಕಾಗಿಲ್ಲ. ಮೊದಮೊದಲ ಕಾರುಗಳಲ್ಲಿ ಬಹಳಷ್ಟಕ್ಕೆ ಇದ್ದದ್ದು ಸಾಮಾನ್ಯ ಫೋರ್ಡ್ ಕಾರಿನ 1172 ಸಿಸಿ ಎಂಜಿನ್ನೇ. ನೋಡಬೇಕಾದದ್ದು ಚೌಕಟ್ಟನ್ನು. ತೆಳುವಾದ ಉಕ್ಕಿನ ಕೊಳವೆಗಳನ್ನು ಬೆಸುಗೆ ಹಾಕಿ, ಮೇಲೆ ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ತೇವ ಸೇರಿದರೆ ಎರಡು ಲೋಹಗಳು ತಾಗುವ ಕಡೆ ಅಲ್ಯೂಮಿನಿಯಂ ಸವೆಯುತ್ತದೆ. ತಗಡಿನ ಮರೆಯಲ್ಲಿ ಕೊಳವೆ ತುಕ್ಕು ಹಿಡಿಯುತ್ತದೆ. ಹೊರಗಿನ ಹೊಳಪು ಇದಾವುದನ್ನೂ ಹೇಳುವುದಿಲ್ಲ. ಚೌಕಟ್ಟಿನ ಸಂಖ್ಯೆಯೂ ದಾಖಲೆಯೂ ಹೊಂದದಿದ್ದರಂತೂ ಕೊಳ್ಳದಿರುವುದೇ ಮೇಲು.

ಇನ್ನೊಂದು ತೊಡಕುಂಟು. ಮೊದಲ ಒಡೆಯ ತನ್ನ ಮನೆಯ ಷೆಡ್ಡಿನಲ್ಲಿ ಯಾವ ಬೋಲ್ಟಿನ ಬದಲು ಯಾವುದನ್ನು ಹಾಕಿದನೆಂಬುದು ಕಾರ್ಖಾನೆಯ ಕಡತದಲ್ಲಿ ಸಿಗದು. ಅದನ್ನು ಬಿಚ್ಚಿಯೇ ತಿಳಿಯಬೇಕು.