ಎಲ್-ಆಸ್ಪರಾಜಿನೇಸ್ (ಸಮುದ್ರಮೂಲದ)

ಆಸ್ಪರಾಜಿನ್ ಎಂಬ ಅಮೈನೋ ಆಮ್ಲವನ್ನು ಆಸ್ಪಾರ್ಟಿಕ್ ಆಮ್ಲ ಹಾಗೂ ಅಮೋನಿಯಗಳನ್ನಾಗಿ ವಿಭಜಿಸುವ ಕಿಣ್ವ. ಸ್ವಸ್ಥ ಜೀವಕೋಶಗಳು ಆಸ್ಪರಾಜಿನನ್ನು ತಾವೇ ನಿರ್ಮಿಸಿಕೊಳ್ಳಬಲ್ಲವಾದರೂ, ತೀವ್ರ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯವೆಂಬ ರಕ್ತಕ್ಯಾನ್ಸರಿನ ಕೋಶಗಳು ಬಹುಮಟ್ಟಿಗೆ ಆ ಸಾಮರ್ಥ್ಯದಿಂದ ವಂಚಿತವಾಗಿ ರಕ್ತದಲ್ಲಿರುವುದನ್ನೇ ಆಶ್ರಯಿಸಿರುವುದರಿಂದ, ಕಿಣ್ವವು ಅದನ್ನು ಬರಿದುಮಾಡಿದೊಡನೆ ಪ್ರೋಟೀನು ಕಟ್ಟಲಾರದೆ ನಶಿಸುತ್ತವೆ. ಗಿನಿಯಿಲಿಯ ಸೀರಮ್ಮು ಇಲಿಗಳ ಲಿಂಫೋಮವನ್ನು ಕುಗ್ಗಿಸುವುದನ್ನು 1953ರಲ್ಲಿ ಸಂಶೋಧಕ ಜಾನ್ ಕಿಡ್ ಪ್ರಕಟಿಸಿದರು. ಅದಕ್ಕೆ ಆ ಸೀರಮ್ಮಿನಲ್ಲಿರುವ ಈ ಕಿಣ್ವವೇ ಕಾರಣವೆಂದು 1961ರಲ್ಲಿ ಬ್ರೂಮ್ ಎಂಬ ಸಂಶೋಧಕರು ಸೂಚಿಸಿದರು. ಇಷ್ಟು ಸರಳವೂ ಸುಂದರವೂ ಆದ ತರ್ಕವುಳ್ಳ ಔಷಧ ವಿರಳ.

ಇ. ಕೋಲೈ ಮತ್ತು ಎರ್ವಿನಿಯ ಬ್ಯಾಕ್ಟೀರಿಯಾಗಳಿಂದ ಪಡೆದ ಕಿಣ್ವಗಳು ಅನೇಕ ಮಕ್ಕಳ ಪ್ರಾಣ ಉಳಿಸಲು ನೆರವಾಗಿವೆಯಾದರೂ, ಅವು ದೇಹಕ್ಕೆ ಪರಕೀಯವಾದ್ದರಿಂದ ಅಲರ್ಜಿಯನ್ನುಂಟುಮಾಡುವುದುಂಟು. ಗ್ಲುಟಮಿನನ್ನೂ ಒಡೆಯುವ ಅವುಗಳ ಗುಣವು ವಿಷಪರಿಣಾಮಗಳಿಗೆ ಭಾಗಶಃ ಕಾರಣವೆನ್ನಲಾಗಿದೆ. ಈ ದೋಷಗಳು ಕಡಿಮೆಯಿರುವ ಕಿಣ್ವವನ್ನರಸಿ ಸಂಶೋಧಕರು ಕಡಲತಳದ ಕೆಸರು, ಸ್ಪಂಜು, ಪಾಚಿಗಳಲ್ಲಿ ನೆಲೆಸಿದ ಬ್ಯಾಸಿಲಸ್, ಸ್ಟ್ರೆಪ್ಟೊಮೈಸೀಸ್ ಮುಂತಾದ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸುತ್ತಾರೆ. ಆಸ್ಪರಾಜಿನ್ ಮತ್ತು ಫೀನಾಲ್ ರೆಡ್ ಎಂಬ ವರ್ಣಸೂಚಕ ಬೆರೆಸಿದ ಹಳದಿ ಅಗರಿನ ಮೇಲೆ ಅವನ್ನು ಬೆಳೆಸಿದಾಗ, ಅಮೋನಿಯವು ಕ್ಷಾರತೆಯನ್ನು ಹೆಚ್ಚಿಸಿ, ಕಿಣ್ವೋತ್ಪಾದಕ ವಸಾಹತುಗಳ ಸುತ್ತ ಗುಲಾಬಿ ವಲಯ ಮೂಡುತ್ತದೆ. ಆದರೆ ಈ ವರ್ಣಪರೀಕ್ಷೆ ಪ್ರಥಮ ಸೋಪಾನ ಮಾತ್ರ: ಶುದ್ಧೀಕರಣ, ರಕ್ತದಲ್ಲಿ ಸ್ಥಿರತೆ, ಪ್ರಾಣಿಪ್ರಯೋಗ, ಮಾನವಪ್ರಯೋಗಗಳೆಲ್ಲ ಅನಂತರದವು.