ಸಹಿಗೆ ಮುಂಚೆ ಕೇಳಬೇಕಾದ ಪ್ರಶ್ನೆ

1993ರ ಜೂನ್ 23. ಬಾಹ್ಯಾಕಾಶ ನಿಲ್ದಾಣದ ಯೋಜನೆಯನ್ನು ನಿಲ್ಲಿಸಬೇಕೆಂಬ ತಿದ್ದುಪಡಿ ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮತಕ್ಕೆ ಬಂತು. ಪರ 215, ವಿರುದ್ಧ 216. ಒಂದೇ ಮತದಿಂದ ನಿಲ್ದಾಣ ಉಳಿಯಿತು. ಮಾರನೇ ದಿನ ಅದೇ ಸದನದಲ್ಲಿ ಇನ್ನೊಂದು ಭಾರಿ ಯೋಜನೆಯ ಸರದಿ. ಅದು ಟೆಕ್ಸಾಸ್‌ನ ನೆಲದಡಿ ಕಟ್ಟುತ್ತಿದ್ದ ಸೂಪರ್‌ಕಂಡಕ್ಟಿಂಗ್ ಸೂಪರ್ ಕೊಲೈಡರ್ ಎಂಬ ಕಣಭೌತ ಯಂತ್ರ. ಅದಕ್ಕೆ ಹಣ ನಿಲ್ಲಿಸಿ ಎಂದವರು 280, ಮುಂದುವರಿಸಿ ಎಂದವರು 150. ಸೆನೆಟ್ ಉಳಿಸಲು ನೋಡಿತು, ಆದರೆ ಕೆಳಮನೆ ಪಟ್ಟು ಬಿಡಲಿಲ್ಲ. ಅಕ್ಟೋಬರ್‌ನಲ್ಲಿ ಯೋಜನೆ ಮುಚ್ಚಿತು.

ಸದಸ್ಯರ ಸಿಟ್ಟಿಗೆ ಕಾರಣವಿತ್ತು. 1987ರಲ್ಲಿ ರೇಗನ್ ಸರ್ಕಾರ ಒಪ್ಪಿಗೆ ಕೊಟ್ಟಾಗ ಅಂದಾಜು ವೆಚ್ಚ 440 ಕೋಟಿ ಡಾಲರ್. ಆರು ವರ್ಷದಲ್ಲಿ ಅದು 1,100 ಕೋಟಿ ದಾಟಿತು. ಖರ್ಚು ಅಂದಾಜು ಮೀರಿದೆ, ಕೆಲಸ ಹಿಂದೆ ಬಿದ್ದಿದೆ ಎಂದು ಸಂಸತ್ತಿನದೇ ಲೆಕ್ಕಪರಿಶೋಧನಾ ಸಂಸ್ಥೆ ವರದಿ ಕೊಟ್ಟಿತು. ಹೊರದೇಶಗಳಿಂದ ದೊಡ್ಡ ಮೊತ್ತ ಬರುತ್ತದೆ ಎಂದು ಸರ್ಕಾರ ಹೇಳುತ್ತಲೇ ಇತ್ತು. ಜಪಾನ್ ಕೊಡಲಿಲ್ಲ. ಭಾರತ 5 ಕೋಟಿ ಡಾಲರ್ ಮೌಲ್ಯದ ನೆರವಿಗೆ ಒಪ್ಪಿತ್ತು, ಆದರೆ ಆ ಕೊರತೆಯ ಮುಂದೆ ಅದು ಏನೇನೂ ಅಲ್ಲ.

ಮುಚ್ಚುವ ಹೊತ್ತಿಗೆ ಸುಮಾರು 200 ಕೋಟಿ ಡಾಲರ್ ಖರ್ಚಾಗಿತ್ತು. 87 ಕಿಲೋಮೀಟರ್ ಸುರಂಗದಲ್ಲಿ 23 ಕಿಲೋಮೀಟರ್ ಕೊರೆದಾಗಿತ್ತು. ವಾಕ್ಸಹಾಚಿ ಊರಿನ ಸುತ್ತ ಎಷ್ಟೋ ಕುಟುಂಬಗಳು ಹೊಲ, ಮನೆ ಬಿಟ್ಟುಕೊಟ್ಟಾಗಿತ್ತು. ಇದನ್ನು ಸಂಸತ್ತಿನ ಗೆಲುವು ಎನ್ನುವವರೂ ಇದ್ದಾರೆ, ವಿಜ್ಞಾನದ ಸೋಲು ಎನ್ನುವವರೂ ಇದ್ದಾರೆ. ಆದರೆ ಅಲ್ಲಿನ ರೈತರ ಕಡೆಯಿಂದ ನೋಡಿದರೆ, ಕೇಳಬೇಕಾದ ಪ್ರಶ್ನೆಯನ್ನು ಸದನ ತಡವಾಗಿ ಕೇಳಿತು.

ಹಾಗಾದರೆ ಬಾಹ್ಯಾಕಾಶ ನಿಲ್ದಾಣ ಉಳಿದದ್ದು ಹೇಗೆ? ಹಲವು ರಾಜ್ಯಗಳಿಗೆ ಅದರಿಂದ ಕೆಲಸ ಸಿಗುತ್ತಿತ್ತು. ಜೊತೆಗೆ ಯುರೋಪ್, ಜಪಾನ್, ಕೆನಡಾಗಳ ಜೊತೆ 1988ರಲ್ಲೇ ಒಪ್ಪಂದವಾಗಿತ್ತು. ಕೈಬಿಟ್ಟರೆ ಮಿತ್ರದೇಶಗಳಿಗೆ ಕೊಟ್ಟ ಮಾತು ಮುರಿದಂತೆ. ದೊಡ್ಡ ಯೋಜನೆ ನಡೆಸುವವರು ಇದರಿಂದ ಪಾಠ ಕಲಿತರು: ಮೊದಲು ದೇಶಗಳ ಸಹಿ ಇರಲಿ.

ಆ ಪಾಠದ ಪೂರ್ಣ ರೂಪ ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಪರಮಾಣು ಸಮ್ಮಿಲನ ಯಂತ್ರ. 2006ರ ನವೆಂಬರ್ 21ರಂದು ಪ್ಯಾರಿಸ್‌ನಲ್ಲಿ ಭಾರತವೂ ಸೇರಿ ಏಳು ಪಾಲುದಾರರು ಸಹಿ ಹಾಕಿದರು. ಯುರೋಪಿಗೆ ಸುಮಾರು 45 ಶೇಕಡ, ನಮಗೆ ಸುಮಾರು 9 ಶೇಕಡ ಪಾಲು. ನಮ್ಮದು ಬಹುಪಾಲು ಯಂತ್ರಭಾಗಗಳ ರೂಪದಲ್ಲಿ. ಒಪ್ಪಂದ ಜಾರಿಯಾದ ಮೊದಲ ಹತ್ತು ವರ್ಷ ಯಾರೂ ಹೊರಗೆ ಹೋಗುವಂತಿಲ್ಲ. ಆಮೇಲೆ ಹೋದರೂ ನಿರ್ಮಾಣದ ಪಾಲು ಕೊಡಲೇಬೇಕು. ಅಂದಿನಿಂದ ವೆಚ್ಚ ಏರಿದೆ, ಗಡುವು ಮತ್ತೆ ಮತ್ತೆ ಮುಂದೆ ಹೋಗಿದೆ. ಟೆಕ್ಸಾಸ್‌ನಂಥ ಮತದಾನಕ್ಕೆ ಇಲ್ಲಿ ಅವಕಾಶವೇ ಇಲ್ಲ ಎನ್ನಬಹುದು.

ಇನ್ನು ನಮ್ಮ ಸಂಸತ್ತು. ನಮ್ಮ ಸಂವಿಧಾನದಲ್ಲಿ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಂಸತ್ತಿನ ಮುನ್ನೊಪ್ಪಿಗೆ ಬೇಕಿಲ್ಲ, ಸರ್ಕಾರವೇ ಸಹಿ ಹಾಕಬಹುದು. ಹಣ ಮಾತ್ರ ಪ್ರತಿವರ್ಷ ಪರಮಾಣು ಶಕ್ತಿ ಇಲಾಖೆಯ ಅನುದಾನ ಬೇಡಿಕೆಯೊಳಗೆ ಸದನಕ್ಕೆ ಬರುತ್ತದೆ. ಬಹುಪಾಲು ಇಲಾಖೆಗಳ ಬೇಡಿಕೆಗಳು ಚರ್ಚೆಯಿಲ್ಲದೆ ಒಟ್ಟಿಗೆ ಪಾಸಾಗುತ್ತವೆ. ಇದಕ್ಕೆ ಗಿಲೊಟಿನ್ ಎಂದೇ ಹೆಸರು. ಈ ಕೊರತೆ ತುಂಬಲೆಂದೇ 1993ರಲ್ಲಿ, ಕೊಲೈಡರ್ ಮುಚ್ಚಿದ ಅದೇ ವರ್ಷ, ಇಲಾಖಾವಾರು ಸ್ಥಾಯಿ ಸಮಿತಿಗಳು ವ್ಯಾಪಕವಾಗಿ ಬಂದವು. ಅವು ಬೇಡಿಕೆಗಳನ್ನು ಪರಿಶೀಲಿಸಿ ವರದಿ ಕೊಡುತ್ತವೆ, ಆದರೆ ಅವುಗಳ ಮಾತು ಸಲಹೆ ಮಾತ್ರ. ಸಿಎಜಿ ಮತ್ತು ಸಾರ್ವಜನಿಕ ಲೆಕ್ಕಪತ್ರ ಸಮಿತಿ ನೋಡುವುದು ಹಣ ಖರ್ಚಾದ ಮೇಲೆ.

ವಿಜ್ಞಾನಕ್ಕೆ ಹಣ ಬೇಡ ಎಂಬುದು ಇಲ್ಲಿನ ವಾದವಲ್ಲ. ಇಂಥ ಯಂತ್ರಗಳನ್ನು ಯಾವ ದೇಶವೂ ಒಂಟಿಯಾಗಿ ಕಟ್ಟುವುದು ಕಷ್ಟ, ಮಧ್ಯದಲ್ಲಿ ಕೈಬಿಡುವುದು ಇನ್ನೂ ದುಬಾರಿ. ಅದಕ್ಕೇ ಒಟ್ಟು ವೆಚ್ಚ ಎಷ್ಟು, ಹೆಚ್ಚಾದರೆ ಯಾರು ಕೊಡುತ್ತಾರೆ, ಯಾರ ಜಮೀನು ಹೋಗುತ್ತದೆ ಎಂಬುದು ಸಹಿಗೆ ಮುಂಚೆಯೇ ಸದನದಲ್ಲಿ ಚರ್ಚೆಯಾಗಬೇಕು. ಸಹಿಯಾದ ಮೇಲೆ ಉಳಿಯುವ ದಾರಿ ಎರಡೇ: ಕೇಳಿದಷ್ಟು ಕೊಡುವುದು, ಇಲ್ಲವೇ ಕೊಟ್ಟ ಮಾತು ಮುರಿಯುವುದು.