ವಿದ್ಯಾರ್ಥಿನಿಲಯದ ಜಾಲಕ್ಕೆ ಲ್ಯಾಪ್‌ಟಾಪ್ ಜೋಡಣೆ: ಕನ್ನಡ ಮಾಧ್ಯಮದ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಕಾಸರಗೋಡಿನ ಮಕ್ಕಳು ಕಣ್ಣೂರು, ಕಲ್ಲಿಕೋಟೆಗಳಿಗೂ ಅಕ್ಕಲಕೋಟೆ, ಜತ್ತದ ಮಕ್ಕಳು ಸೊಲ್ಲಾಪುರ, ಪುಣೆಗಳಿಗೂ ತಾಳವಾಡಿಯ ಮಕ್ಕಳು ಕೊಯಮತ್ತೂರಿಗೂ ಉನ್ನತ ವ್ಯಾಸಂಗಕ್ಕಾಗಿ ತೆರಳುತ್ತಾರೆ. ಪಾಠದ ಟಿಪ್ಪಣಿ, ಪರೀಕ್ಷಾ ಅರ್ಜಿ, ವಿದ್ಯಾರ್ಥಿವೇತನದ ಅರ್ಜಿಗಳೆಲ್ಲ ಇಂದು ಅಂತರ್ಜಾಲದ ಮೂಲಕವೇ ನಡೆಯುವುದರಿಂದ, ವಿದ್ಯಾರ್ಥಿನಿಲಯ ಸೇರಿದ ಮೊದಲ ವಾರದಲ್ಲೇ ಲ್ಯಾಪ್‌ಟಾಪನ್ನು ಅಲ್ಲಿನ ಜಾಲಕ್ಕೆ ಜೋಡಿಸಬೇಕಾಗುತ್ತದೆ. ಸೂಚನೆಗಳು ಇಂಗ್ಲಿಷಿನಲ್ಲೋ ಆ ರಾಜ್ಯದ ಭಾಷೆಯಲ್ಲೋ ಇರುತ್ತವೆ. ಸಂಪರ್ಕ ಸಿಗದಿದ್ದಾಗ ಅದು ತನ್ನ ಇಂಗ್ಲಿಷಿನ ಕೊರತೆಯೆಂದು ಮಗು ಕುಗ್ಗುವುದುಂಟು. ಆದರೆ ಜಾಲ ಕೇಳುವುದು ಭಾಷಾಪಾಂಡಿತ್ಯವನ್ನಲ್ಲ, ಗುರುತನ್ನು.

ಜಾಲ ಗುರುತಿಸುವ ಮೂರು ಬಗೆ

ಮೊದಲನೆಯದು ಯಂತ್ರದ ಗುರುತು. ಪ್ರತಿ ಜಾಲ ಸಾಧನಕ್ಕೂ ‘ಮ್ಯಾಕ್ ವಿಳಾಸ’ವೆಂಬ 12 ಅಂಕೆ–ಅಕ್ಷರಗಳ ಸಂಖ್ಯೆಯಿರುತ್ತದೆ. ಇದರಲ್ಲಿ 0ಯಿಂದ 9ರವರೆಗಿನ ಅಂಕೆಗಳೂ ‘ಎ’ಯಿಂದ ‘ಎಫ್’ವರೆಗಿನ ಇಂಗ್ಲಿಷ್ ಅಕ್ಷರಗಳೂ ಮಾತ್ರ ಬರುತ್ತವೆ. ಕೆಲವು ಕಾಲೇಜುಗಳು ಈ ವಿಳಾಸವನ್ನು ನೋಂದಾಯಿಸಿಕೊಂಡ ಬಳಿಕವೇ ಸಂಪರ್ಕ ಕೊಡುತ್ತವೆ. ವಿಂಡೋಸ್ ಯಂತ್ರದಲ್ಲಿ ಇದು ‘ಸೆಟ್ಟಿಂಗ್ಸ್’ನ ಜಾಲ ವಿಭಾಗದಲ್ಲಿ ‘ಫಿಸಿಕಲ್ ಅಡ್ರೆಸ್’ ಎಂಬ ಹೆಸರಿನಲ್ಲಿ ಸಿಗುತ್ತದೆ.

ಎರಡನೆಯದು ಪ್ರವೇಶಪುಟ. ವೈಫೈಗೆ ಸೇರಿ ಬ್ರೌಸರ್ ತೆರೆದೊಡನೆ ಬಳಕೆದಾರರ ಹೆಸರು ಹಾಗೂ ಪಾಸ್‌ವರ್ಡ್ ಕೇಳುವ ಪುಟ ಮೂಡುತ್ತದೆ.

ಮೂರನೆಯದರಲ್ಲಿ ವೈಫೈ ಸೇರುವಾಗಲೇ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನದೇ ಹೆಸರು, ಪಾಸ್‌ವರ್ಡ್ ಕೊಡಬೇಕು. ‘ಎಡ್ಯುರೋಮ್’ ಈ ಬಗೆಯದು. ಭಾರತದಲ್ಲಿ ಅರ್ನೆಟ್ ಇಂಡಿಯಾ ಇದನ್ನು ನಿರ್ವಹಿಸುತ್ತದೆ. ತನ್ನ ಕಾಲೇಜು ಇದರ ಸದಸ್ಯನಾಗಿದ್ದರೆ, ಬೇರೆ ಸದಸ್ಯ ಸಂಸ್ಥೆಗಳಿಗೆ ಹೋದಾಗಲೂ ವಿದ್ಯಾರ್ಥಿಗೆ ಅದೇ ಗುರುತು ಸಾಕು.

ಜೋಡಿಸುವ ಕ್ರಮ

1. ಊರಿನಿಂದ ಹೊರಡುವ ಮುನ್ನವೇ ಲ್ಯಾಪ್‌ಟಾಪಿನ ತಂತ್ರಾಂಶವನ್ನು ನವೀಕರಿಸಿ, ಮ್ಯಾಕ್ ವಿಳಾಸವನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.
2. ಕಾಲೇಜಿನ ಗಣಕ ವಿಭಾಗದಿಂದ ಸ್ವಂತ ಬಳಕೆದಾರರ ಹೆಸರು ಪಡೆಯಿರಿ. ಅರ್ಜಿಯಲ್ಲಿ ಪ್ರವೇಶ ದಾಖಲೆಯಲ್ಲಿರುವಂತೆಯೇ ಹೆಸರು ಬರೆಯಿರಿ. ಕನ್ನಡದ ಹೆಸರು ಮಲಯಾಳ, ಮರಾಠಿ, ತಮಿಳಿನ ಮೂಲಕ ಇಂಗ್ಲಿಷಿಗೆ ಹೋಗುವಾಗ ಅಕ್ಷರಗಳು ಬದಲಾಗಿರುವುದುಂಟು.
3. ಮೊದಲ ಪಾಸ್‌ವರ್ಡನ್ನು ಅಂದೇ ಬದಲಿಸಿ.
4. ಕೋಣೆಯ ಗೋಡೆಯಲ್ಲಿ ಜಾಲದ ಕಿಂಡಿಯಿದ್ದರೆ ಕೇಬಲ್ ಬಳಸಬಹುದು. ತೆಳು ಲ್ಯಾಪ್‌ಟಾಪುಗಳಿಗೆ ಯುಎಸ್‌ಬಿ ಅಡಾಪ್ಟರ್ ಬೇಕಾದೀತು.
5. ಇದು ಅನೇಕರು ಬಳಸುವ ಜಾಲವಾದ್ದರಿಂದ ವಿಂಡೋಸ್ ಕೇಳಿದಾಗ ‘ಪಬ್ಲಿಕ್’ ಎಂಬುದನ್ನೇ ಆರಿಸಿ.

ಸಂಪರ್ಕ ಸಿಗದಿದ್ದರೆ

ವೈಫೈಗೊಂದು, ಕೇಬಲಿಗೊಂದು ಎಂದು ಲ್ಯಾಪ್‌ಟಾಪಿಗೆ ಎರಡು ಮ್ಯಾಕ್ ವಿಳಾಸಗಳಿರಬಹುದು. ಯುಎಸ್‌ಬಿ ಅಡಾಪ್ಟರಿನದು ಮತ್ತೂ ಬೇರೆ. ಒಂದನ್ನು ನೋಂದಾಯಿಸಿ ಇನ್ನೊಂದನ್ನು ಬಳಸಿದರೆ ಜಾಲ ಒಪ್ಪದು. ಖಾಸಗಿತನಕ್ಕಾಗಿ ವಿಳಾಸವನ್ನು ಮರೆಮಾಚುವ ಸೌಲಭ್ಯವೂ ಇದೇ ತೊಡಕು ತರುತ್ತದೆ. ಅದನ್ನು ಆ ಜಾಲಕ್ಕೆ ಮಾತ್ರ ನಿಲ್ಲಿಸಬೇಕು. ಲ್ಯಾಪ್‌ಟಾಪಿನ ಐಪಿ ವಿಳಾಸ 169.254 ಎಂದು ಆರಂಭವಾದರೆ ಜಾಲದಿಂದ ವಿಳಾಸವೇ ಬಂದಿಲ್ಲವೆಂದು ಅರ್ಥ. ಕೇಬಲ್ ಪರೀಕ್ಷಿಸಿ, ಬಳಿಕ ಗಣಕ ವಿಭಾಗಕ್ಕೆ ತಿಳಿಸಿ. ಪ್ರವೇಶಪುಟ ಮೂಡದಿದ್ದರೆ ವಿಪಿಎನ್ ನಿಲ್ಲಿಸಿ ನೋಡಿ. ದಿನಾಂಕ, ಗಡಿಯಾರ ತಪ್ಪಿದ್ದರೂ ಭದ್ರತಾ ಪ್ರಮಾಣಪತ್ರದ ಪರೀಕ್ಷೆ ಸೋತು ಸಂಪರ್ಕ ನಿಲ್ಲುತ್ತದೆ.

ಎಂದೂ ಮಾಡಬಾರದ ಎರಡು ಕೆಲಸ

ಅನುಮತಿಯಿಲ್ಲದೆ ಸ್ವಂತ ರೂಟರನ್ನು ಗೋಡೆಯ ಕಿಂಡಿಗೆ ಸಿಕ್ಕಿಸಬಾರದು. ಅದು ತನ್ನದೇ ವಿಳಾಸಗಳನ್ನು ಹಂಚತೊಡಗಿ ಅಕ್ಕಪಕ್ಕದ ಕೋಣೆಗಳ ಸಂಪರ್ಕವನ್ನೂ ಕೆಡಿಸಬಲ್ಲದು.

ಹಿರಿಯ ವಿದ್ಯಾರ್ಥಿಯ ಪಾಸ್‌ವರ್ಡನ್ನು ಕೇಳಬಾರದು, ತನ್ನದನ್ನು ಕೊಡಲೂಬಾರದು. ಜಾಲದ ದಾಖಲೆಯಲ್ಲಿ ಉಳಿಯುವುದು ಬಳಸಿದವರ ಮುಖವಲ್ಲ, ನೋಂದಣಿಯಾದ ಹೆಸರು. ಅನ್ಯರು ಮಾಡಿದ ತಪ್ಪಿಗೆ ನಮ್ಮ ಮಗು ಉತ್ತರ ಹೇಳಬೇಕಾದೀತು. ಅನ್ಯರ ಪಾಸ್‌ವರ್ಡನ್ನು ಮೋಸದಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಂತೆ 3 ವರ್ಷಗಳವರೆಗಿನ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ.

ಕೇಳುವ ಹಕ್ಕು

ಸಹಾಯ ಕೇಳಲು ನಿರರ್ಗಳ ಇಂಗ್ಲಿಷ್ ಬೇಕಿಲ್ಲ. ಪರದೆಯ ಮೇಲಿನ ದೋಷಸಂದೇಶದ ಛಾಯಾಚಿತ್ರ, ಕೋಣೆಯ ಸಂಖ್ಯೆ, ಮ್ಯಾಕ್ ವಿಳಾಸ, ತೊಂದರೆ ಆರಂಭವಾದ ಸಮಯ ಈ ನಾಲ್ಕನ್ನು ಒಯ್ದರೆ ತಂತ್ರಜ್ಞರಿಗೆ ವಿಷಯ ತಿಳಿಯುತ್ತದೆ. ಸರಕಾರಿ ಅಧಿಕಾರಿಗಳಿಗೆ ಕುಂದುಕೊರತೆಯ ಮನವಿಯನ್ನು ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ತಲೆಮಾರುಗಳಿಂದ ಗಡಿಯಾಚೆ ಬಾಳುತ್ತಿರುವ ನಮ್ಮ ಕನ್ನಡವೂ ಅಂಥ ಭಾಷೆಯೇ. ಮಕ್ಕಳನ್ನು ಬೀಳ್ಕೊಡುವಾಗ ಪೋಷಕರು ಈ ಮಾತನ್ನು ಅವರ ಕಿವಿಗೆ ಹಾಕಿ ಕಳುಹಿಸಬೇಕು.